ಉಪ್ಪುಗಾಳಿಯಲ್ಲಿ ಮಲಗಿದ ಯೆಜ್ಡಿ ಎಂಜಿನ್: ಮನೆಯಲ್ಲೇ ಬಿಚ್ಚಿ, ತೊಳೆದು, ಎಬ್ಬಿಸುವ ಬಗೆ

ಮಾವನ ಯೆಜ್ಡಿ ಬ್ರಹ್ಮಾವರದ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲ ಕಳೆದಿತ್ತು. ದನಗಳನ್ನು ಕೊಟ್ಟ ಮೇಲೆ ಆ ಕೊಟ್ಟಿಗೆಯಲ್ಲಿ ಉಳಿದದ್ದು ಅಡಿಕೆ ಗೋಣಿ, ಸೋಗೆ ಮತ್ತು ಈ ಬೈಕು. ಉಡುಪಿಗೆ ಪಿಕಪ್‌ನಲ್ಲಿ ಹೇರಿಕೊಂಡು ಬಂದಾಗ ಕಿಕ್ ಒಂದಿಂಚೂ ಕೆಳಗೆ ಹೋಗುತ್ತಿರಲಿಲ್ಲ. "ಓಡಿಸಿ ಸವೆದದ್ದಲ್ಲ ಅದು, ಕೂತು ಹಾಳಾದದ್ದು" ಎಂದಿದ್ದರು ಮಾವ. ಆಗ ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಅದಕ್ಕೆ ದಂಡ ತೆತ್ತ ಕಥೆ ಮುಂದೆ ಬರುತ್ತದೆ.

ಬಯಲುಸೀಮೆಯಲ್ಲಿ ನಿಂತ ಎಂಜಿನ್ನಿಗೂ ಕರಾವಳಿಯಲ್ಲಿ ನಿಂತದ್ದಕ್ಕೂ ಬಹಳ ವ್ಯತ್ಯಾಸ ಉಂಟು. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಪಿಸ್ಟನ್ ಸವೆಯುವ ಮೊದಲೇ ಬೇರಿಂಗಿಗೆ ತುಕ್ಕು ಹತ್ತುತ್ತದೆ, ಆಯಿಲ್ ಸೀಲ್ ಒಣಗಿ ಗಟ್ಟಿಯಾಗುತ್ತದೆ, ಕಾರ್ಬುರೇಟರ್ ಒಳಗೆ ಬಿಳಿ ಹಿಟ್ಟು ಕಟ್ಟುತ್ತದೆ. ಹಾಗಾಗಿ ಇದು ತುಕ್ಕು ಮತ್ತು ಸೀಲನ್ನು ಮುಂದಿಟ್ಟುಕೊಂಡ ಮಾರ್ಗದರ್ಶಿ. ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ), ಪಿಸ್ಟನ್ ಎಲ್ಲ ಆಮೇಲಿನ ಮಾತು.

ನಾನು ಹೇಳುತ್ತಿರುವುದು 250 ಸಿಸಿಯ ಹಳೆ ಯೆಜ್ಡಿ ಬಗ್ಗೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಹೆಸರಿನಲ್ಲಿ ಶುರು ಮಾಡಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಹೆಸರಿಗೆ ಬದಲಾಗಿ, 1996ರಲ್ಲಿ ಬಾಗಿಲು ಹಾಕಿತು. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕೂ ಗೇರೂ ಒಂದೇ ಲಿವರ್. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಬಿಡಿಭಾಗ ಕಡಿಮೆ. ಮನೆಯಲ್ಲಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗಲಿಕ್ಕಿಲ್ಲ. ರಾಜ್‌ದೂತ್ ಇದ್ದವರಿಗೂ ಹೆಚ್ಚಿನ ಭಾಗ ಹೊಂದುತ್ತದೆ. ಆರ್‌ಎಕ್ಸ್ 100 ಇದ್ದವರು ಪಾಯಿಂಟ್‌ನ (ಪ್ಲಗ್‌ನ ಕಿಡಿಯ ಹೊತ್ತು ನಿಗದಿ ಮಾಡುವ ಸ್ವಿಚ್ಚಿನ) ಭಾಗ ಬಿಟ್ಟು ಓದಿ, ಅದರಲ್ಲಿರುವುದು ಸಿಡಿಐ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ.

ಯಾವಾಗ ಶುರು ಮಾಡಬೇಕು

ದೀಪಾವಳಿ ಕಳೆದ ಮೇಲೆ. ಇದು ತಮಾಷೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದಿಟ್ಟ ಕಬ್ಬಿಣದ ಸಿಲಿಂಡರ್ ಬ್ಲಾಕ್‌ಗೆ ರಾತ್ರಿ ಬೆಳಗಾಗುವುದರೊಳಗೆ ಕೆಂಪು ತುಕ್ಕು ಹತ್ತುತ್ತದೆ. ನವೆಂಬರ್‌ನಲ್ಲಿ ಬಿಚ್ಚಿ, ಜನವರಿಗೆ ಲೇತ್ ಕೆಲಸ ಮುಗಿಸಿ, ಮಾರ್ಚ್‌ನಲ್ಲಿ ಜೋಡಿಸಿದರೆ ಮಳೆ ಹಿಡಿಯುವ ಮೊದಲು ರನ್ನಿಂಗ್ (ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ 500 ಕಿಲೋಮೀಟರ್ ಓಟ) ಮುಗಿಯುತ್ತದೆ. ಹದಿನೈದು ದಿನದಲ್ಲಿ ಮುಗಿಸುತ್ತೇನೆ ಎಂದು ಹೊರಟವರ ಎಂಜಿನ್‌ಗಳು ಗೋಣಿಚೀಲದಲ್ಲಿ ಮಾರಾಟಕ್ಕೆ ಬರುವುದನ್ನು ನೋಡಿದ್ದೇನೆ.

ಸಾಮಾನು ಹೆಚ್ಚೇನೂ ಬೇಡ. ಒಳ್ಳೆಯ ಸ್ಪ್ಯಾನರ್ ಮತ್ತು ಬಾಕ್ಸ್ ಸೆಟ್, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್, ರಬ್ಬರ್ ಸುತ್ತಿಗೆ, ಫೀಲರ್ ಗೇಜ್, ವರ್ನಿಯರ್, ಸರ್ಕ್ಲಿಪ್ ಇಕ್ಕಳ, ಕ್ಲಚ್ಚಿಗೂ ಡೈನಮೋಗೂ ಸರಿಹೊಂದುವ ಪುಲ್ಲರ್ (ಬಿಗಿಯಾಗಿ ಕೂತದ್ದನ್ನು ಎಳೆದು ತೆಗೆಯುವ ಸಾಧನ). ಪುಲ್ಲರ್ ಮಾತ್ರ ಬದಲಿ ಉಪಾಯದಲ್ಲಿ ನಡೆಯುವುದಿಲ್ಲ. ಎರಡು ಸ್ಕ್ರೂಡ್ರೈವರ್ ಇಟ್ಟು ಮೀಟುವವರು ಕೇಸಿಂಗ್, ಅಂದರೆ ಎಂಜಿನ್ನಿನ ಹೊರಕವಚ, ಒಡೆದುಕೊಳ್ಳುತ್ತಾರೆ. ಮೈಸೂರು, ಬೆಂಗಳೂರಿನ ಹಳೆ ಜಾವಾ ಮೆಕ್ಯಾನಿಕ್‌ಗಳ ಹತ್ತಿರ ಅಳತೆಗೆ ಸರಿಯಾದ ಪುಲ್ಲರ್ ಸಿಗುತ್ತದೆ, ಇಲ್ಲಿ ಲೇತ್‌ನಲ್ಲಿ ಮಾಡಿಸಿಕೊಳ್ಳಲೂಬಹುದು. ಇದರ ಜತೆ ಒಂದು ಹಳೆ ಬಿ.ಪಿ. ನೋಡುವ ಯಂತ್ರ, ಕೈಯಲ್ಲಿ ಬಲ್ಬ್ ಒತ್ತಿ ಗಾಳಿ ತುಂಬಿಸುವಂಥದ್ದು. ಯಾಕೆಂದು ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು

ಎಂಜಿನ್ ಚೇಸಿಸ್‌ನಲ್ಲಿರುವಾಗಲೇ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ವಯರ್‌ಗಳಿಗೆ ಬಿಳಿ ಟೇಪ್ ಸುತ್ತಿ ಗುರುತು ಬರೆಯಿರಿ. ಕೆಳಗಿನ ಡ್ರೇನ್ ಬೋಲ್ಟ್ ತೆಗೆದು ಗೇರ್ ಆಯಿಲ್ ಇಳಿಸಿ, ಪಾತ್ರೆಯಲ್ಲಿ ಒಂದು ರಾತ್ರಿ ಬಿಡಿ. ಅದು ತಳದಲ್ಲಿ ನೀರು ಬಿಟ್ಟುಕೊಂಡರೆ ಅಥವಾ ಗಂಜಿಯ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ, ಗೇರ್‌ಬಾಕ್ಸಿನ ಬೇರಿಂಗ್‌ಗಳೂ ಹೋಗಿವೆ ಎಂದೇ ಲೆಕ್ಕ ಹಾಕಿಕೊಳ್ಳಿ. ಆಯಿಲ್ ಇರಬೇಕಾದದ್ದಕ್ಕಿಂತ ತೀರಾ ಕಡಿಮೆ ಇದ್ದರೆ ಅದನ್ನೂ ಪುಸ್ತಕದಲ್ಲಿ ಬರೆದಿಡಿ. ನಾನು ಬರೆದಿಡಲಿಲ್ಲ.

ಎಂಜಿನ್ ನಂಬರ್ ಕೊರೆದ ಜಾಗಕ್ಕೆ ಎಮರಿ ಪೇಪರ್, ಗ್ರೈಂಡರ್ ಏನೂ ತಾಗಿಸಬೇಡಿ. ಆರ್‌ಟಿಒದಲ್ಲಿ ಅದನ್ನು ಓದಲಾಗದಿದ್ದರೆ ಉಳಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ಜಾಮ್ ಆದ ಪಿಸ್ಟನ್

ಕಿಕ್ ಮೇಲೆ ಹತ್ತಿ ನಿಲ್ಲಬೇಡಿ. ಯೆಜ್ಡಿಯ ಕಿಕ್ ಲಿವರ್‌ನ ಹಲ್ಲುಗಳು ನಿಮ್ಮ ಭಾರ ತಾಳುವುದಿಲ್ಲ, ಪಿಸ್ಟನ್ ಕದಲುವ ಮೊದಲೇ ಹಲ್ಲು ಮುರಿಯುತ್ತದೆ.

ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ ಅರ್ಧ ಲೋಟ ಹೊಯ್ಯಿರಿ. ಸೈಲೆನ್ಸರ್ ಬಿಚ್ಚಿ, ಅಲ್ಲಿಂದಲೂ ಪಿಸ್ಟನ್ ಬದಿಗೆ ಸ್ವಲ್ಪ ಬಿಡಿ. ಒಂದು ವಾರ ಮುಟ್ಟಬೇಡಿ. ಪ್ರತಿದಿನ ಕಡಿಮೆಯಾದಷ್ಟು ತುಂಬಿಸಿ. ವಾರದ ನಂತರ ನಾಲ್ಕನೇ ಗೇರ್‌ಗೆ ಹಾಕಿ, ಬೈಕನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ. ಮೇಲಿನ ಗೇರ್‌ನಲ್ಲಿ ಚಕ್ರದ ಕೈಗೆ ಎಂಜಿನ್ ಸುಲಭವಾಗಿ ತಿರುಗುತ್ತದೆ. ನನ್ನದು ಒಂಬತ್ತನೇ ದಿನ ಸಂಜೆ "ಟಕ್" ಎಂದಿತು. ಕದಲಿದ ಕೂಡಲೇ ಪೂರ್ತಿ ಸುತ್ತು ತಿರುಗಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ತುಕ್ಕಿನ ಪುಡಿ ಬೋರನ್ನು ಗೀರುತ್ತದೆ. ಕದಲಿದ್ದು ಗೊತ್ತಾದರೆ ಸಾಕು, ಉಳಿದದ್ದು ಹೆಡ್ ತೆಗೆದ ಮೇಲೆ.

ಕದಲದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಬೋರಿಗಿಂತ ಸ್ವಲ್ಪ ಚಿಕ್ಕದಾದ ಮರದ ತುಂಡಿಟ್ಟು ಮೆಲ್ಲಗೆ ಬಡಿಯಿರಿ. ಮರ ಹಲಸಿನದೋ ಹೆಬ್ಬಲಸಿನದೋ ಆಗಲಿ, ಕಬ್ಬಿಣ ಮಾತ್ರ ಬೇಡ.

ಬಿಚ್ಚುವುದು

ಎಂಜಿನ್ ಇಳಿಸಲು ಇಬ್ಬರು ಬೇಕು. ಬೆಂಚ್ ಮೇಲೆ ಗೋಣಿ ಹಾಸಿ, ಅದರ ಮೇಲೆ ಎಂಜಿನ್. ಈಗ ಒಂದು ರಟ್ಟಿನ ಪೆಟ್ಟಿಗೆ ಹರಿದು, ಪ್ರತಿಯೊಂದು ಕವರ್‌ನ ಆಕಾರವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಯಾವ ಸ್ಕ್ರೂ ಯಾವ ಜಾಗದಿಂದ ಬಂತೋ ರಟ್ಟಿನಲ್ಲೂ ಅದೇ ಜಾಗಕ್ಕೆ ಚುಚ್ಚಿಡಿ. ಉದ್ದದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸದ ಸ್ಕ್ರೂಗಳಿರುತ್ತವೆ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ.

ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಕೈ ಸ್ಕ್ರೂಡ್ರೈವರ್‌ನಲ್ಲಿ ಒಮ್ಮೆ ತಲೆ ಸವೆದರೆ ಮುಗಿಯಿತು, ಮೊದಲಿನಿಂದಲೇ ಇಂಪ್ಯಾಕ್ಟ್ ಡ್ರೈವರ್ ಹಿಡಿಯಿರಿ. ಎಡಗಡೆ ಕವರ್ ತೆಗೆದರೆ ಪ್ರೈಮರಿ ಚೈನು ಮತ್ತು ಕ್ಲಚ್, ಬಲಗಡೆ ಡೈನಮೋ ಮತ್ತು ಪಾಯಿಂಟ್. ಯಾವ ನಟ್ ಆದರೂ ಬಲ ಹಾಕುವ ಮುನ್ನ ಉಲ್ಟಾ ಥ್ರೆಡ್ಡೋ ಎಂದು ನೋಡಿ. ತುದಿಯಲ್ಲಿ ಕಾಣುವ ಥ್ರೆಡ್ ಯಾವ ಕಡೆಗೆ ಓರೆಯಾಗಿದೆ ಎಂಬುದರಲ್ಲೇ ಗೊತ್ತಾಗುತ್ತದೆ.

ಹೆಡ್ ನಟ್‌ಗಳನ್ನು ಅಡ್ಡಡ್ಡ ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬ್ಲಾಕನ್ನು ಎರಡು ಇಂಚು ಎತ್ತಿದ ಕೂಡಲೇ ಕನೆಕ್ಟಿಂಗ್ ರಾಡ್ ಸುತ್ತ ಕೆಳಗಿನ ಬಾಯಿಗೆ ಒಂದು ಸ್ವಚ್ಛ ಬಟ್ಟೆ ತುರುಕಿ, ಆಮೇಲೆ ಪೂರ್ತಿ ಎತ್ತಿ. ಪಿಸ್ಟನ್ ಪಿನ್ನಿನ ಲಾಕ್ ಹಾರುವುದು ಆ ಬಾಯಿಗೇ. ಅಲ್ಲಿ ಬಿದ್ದ ಲಾಕ್ ಹುಡುಕಲು ನಾನೊಂದು ಭಾನುವಾರ ಪೂರ್ತಿ ಮ್ಯಾಗ್ನೆಟ್ ಕಟ್ಟಿದ ದಾರ ಇಳಿಬಿಟ್ಟು ಕೂತಿದ್ದೆ. "ಮೀನು ಸಿಕ್ಕಿತಾ?" ಎಂದು ಅಮ್ಮ ಎರಡು ಸಲ ಕೇಳಿದರು.

ಕೇಸಿಂಗ್ ಎರಡು ಹೋಳು ಮಾಡುವಾಗ ನಡುವೆ ಸ್ಕ್ರೂಡ್ರೈವರ್ ತೂರಿಸಬೇಡಿ. ಅಲ್ಲಿ ಬಿದ್ದ ಒಂದು ಗೀರು ಮುಂದೆ ಗಾಳಿ ಎಳೆಯುವ ದಾರಿಯಾಗುತ್ತದೆ. ಬೇರಿಂಗ್ ಜಾಗಕ್ಕೆ ಬಿಸಿಗಾಳಿ ಕೊಟ್ಟು, ಸುತ್ತಲೂ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ತೊಳೆಯುವುದು, ಅಳೆಯುವುದು

ಹಳೆ ಬಾಲ್ದಿ, ಸೀಮೆಎಣ್ಣೆ ಅಥವಾ ಡೀಸೆಲ್, ಪೇಂಟ್ ಬ್ರಷ್. ಪೆಟ್ರೋಲಿನಲ್ಲಿ ತೊಳೆಯಬೇಡಿ, ಅಡುಗೆಮನೆ ಹತ್ತಿರ ಇದ್ದರಂತೂ ಬೇಡವೇ ಬೇಡ. ಕಾರ್ಬನ್ ಕೆರೆಯಲು ಬಿದಿರಿನ ಚೂರು ಸಾಕು, ಅಲ್ಯೂಮಿನಿಯಂ ಗೀರುವುದಿಲ್ಲ. ಬ್ಲಾಕ್ ತೊಳೆದು ಒರೆಸಿದ ತಕ್ಷಣ ಒಳಗೆ 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ) ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. "ಊಟ ಮಾಡಿ ಬಂದು ಸವರುತ್ತೇನೆ" ಎಂದರೆ ನಮ್ಮ ಊರಿನ ಗಾಳಿ ಕಾಯುವುದಿಲ್ಲ.

ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಬೋರ್ ಗೇಜ್ ಇಲ್ಲದಿದ್ದರೆ ಲೇತ್‌ನವರೇ ಅಳೆದು ಕೊಡುತ್ತಾರೆ. ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಉಂಟು. ರಿಂಗನ್ನು ಪಿಸ್ಟನ್ನಿನಿಂದ ತೆಗೆದು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ, ರಿಂಗಿನ ಎರಡು ತುದಿಗಳ ನಡುವೆ ಫೀಲರ್ ಗೇಜ್ ತೂರಿಸಿ. ಈ ಬೋರಿಗೆ ಹೊಸ ರಿಂಗ್ ಆದರೆ ಕಾಲು ಮಿಲಿಮೀಟರ್ ಆಸುಪಾಸು ಇರಬೇಕು. ಮುಕ್ಕಾಲು ಮಿಲಿಮೀಟರ್ ದಾಟಿದ್ದರೆ ರಿಂಗೋ ಬೋರೋ ಎರಡೂವೋ ಸವೆದಿವೆ.

ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಕಿಂಚಿತ್ ಆಟವೂ ಇರಕೂಡದು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಅದನ್ನು ನೋಡಿ ಹೆದರಬೇಡಿ. ಪಿಸ್ಟನ್ ಪಿನ್ ಎಣ್ಣೆ ಹಚ್ಚಿದ ಮೇಲೆ ಹೆಬ್ಬೆರಳಿನಲ್ಲಿ ಒತ್ತಿದರೆ ಒಳಹೋಗಬೇಕು, ಆದರೆ ಅಲ್ಲಾಡಬಾರದು.

ಬೇರಿಂಗ್ ಪರೀಕ್ಷೆಗೆ ಕಿವಿ ಬೇಕು. ಎಣ್ಣೆ ಪೂರ್ತಿ ತೊಳೆದು, ಒಣಗಿಸಿ, ಕೈಯಲ್ಲಿ ನಿಧಾನ ತಿರುಗಿಸಿ. ಒಳ್ಳೆಯ ಬೇರಿಂಗ್‌ಗೆ ಸದ್ದೇ ಇಲ್ಲ. ನಮ್ಮ ಕಡೆ ನಿಂತ ಎಂಜಿನ್ನಿನದ್ದು ಒಂದೇ ಜಾಗದಲ್ಲಿ ಕರಕರ ಎನ್ನುತ್ತದೆ. ಬೈಕು ನಿಂತಾಗ ಗುಂಡುಗಳು ಎಲ್ಲಿ ಕೂತಿದ್ದವೋ ಅಲ್ಲಿ ಸಾಸಿವೆ ಕಾಳಿನ ಗಾತ್ರದ ತುಕ್ಕಿನ ಹೊಂಡ ಬಿದ್ದಿರುತ್ತದೆ. ಅದನ್ನು ಗ್ರೀಸ್ ಹಾಕಿ ಸರಿಮಾಡಲಾಗದು, ಬಿಸಾಡಿ. ಬದಿಯಲ್ಲಿ ಕೊರೆದ ನಂಬರ್ ಬರೆದುಕೊಂಡು ಅದೇ ನಂಬರಿನದ್ದನ್ನು ತನ್ನಿ. ನಂಬರಿನ ಕೊನೆಯಲ್ಲಿ ಸಿ3 ಎಂದಿದ್ದರೆ ಅದನ್ನೂ ಬರೆದುಕೊಳ್ಳಿ. ಅದು ಬಿಸಿಯಲ್ಲಿ ಹಿಗ್ಗಲು ಬಿಟ್ಟ ಜಾಗದ ಗುರುತು, ಅಂಗಡಿಯವರು "ಎಲ್ಲ ಒಂದೇ" ಎಂದರೂ ಬಿಡಬೇಡಿ.

ಲೇತಿಗೆ ಕೊಡುವ ಕೆಲಸ

ಮನೆಯಲ್ಲಿ ಮಾಡಕೂಡದ ಎರಡು ಕೆಲಸಗಳು: ಬೋರ್ ಮಾಡುವುದು ಮತ್ತು ಕ್ರ್ಯಾಂಕ್ ಬಿಚ್ಚುವುದು. ಮಲ್ಪೆ ಬಂದರಿನ ಸುತ್ತ ಬೋಟ್ ಎಂಜಿನ್ ನೋಡುವ ಲೇತ್‌ಗಳಿವೆ, ಮಂಗಳೂರಿನವರಿಗೆ ಬೈಕಂಪಾಡಿ ಕೈಗಾರಿಕಾ ಪ್ರದೇಶ ಉಂಟು. ಹೊಸ ಪಿಸ್ಟನ್ನನ್ನು ಮೊದಲು ತಂದು, ಅದನ್ನೂ ಬ್ಲಾಕನ್ನೂ ಒಟ್ಟಿಗೆ ಕೊಡಿ. ಓವರ್‌ಸೈಜ್ ಪಿಸ್ಟನ್‌ಗಳು 0.25, 0.50, 0.75, 1.00 ಮಿ.ಮೀ. ಮೆಟ್ಟಿಲಿನಲ್ಲಿ ಬರುತ್ತವೆ. "0.50ಗೆ ಬೋರ್ ಮಾಡಿ" ಎನ್ನುವುದಕ್ಕಿಂತ "ಈ ಪಿಸ್ಟನ್ನಿಗೆ ಬೋರ್ ಮಾಡಿ" ಎನ್ನಬೇಕು. ಎಷ್ಟು ಸಂದು ಬಿಡಬೇಕು ಎಂದು ಪಿಸ್ಟನ್ ತಯಾರಿಸಿದವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕೊಡಿ. ಬೋರ್ ಆದ ಮೇಲೆ ಪೋರ್ಟ್‌ಗಳ (ಬೋರಿನ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿಗಳ) ಅಂಚು ಚೂರಿಯಂತಿರುತ್ತದೆ, ಅದನ್ನು ಸಣ್ಣಗೆ ಉಜ್ಜಿ ದುಂಡಗೆ ಮಾಡಿಸಿ. ಇಲ್ಲದಿದ್ದರೆ ಹೊಸ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕ್ ಎಂದರೆ ಒತ್ತಿ ಕೂರಿಸಿದ ಎರಡು ತಟ್ಟೆಗಳು. ರಾಡ್ ಕಿಟ್ ಬದಲಿಸಿದ ಮೇಲೆ ಎರಡೂ ತುದಿಗಳು ಒಂದೇ ನೇರದಲ್ಲಿ ತಿರುಗಬೇಕು. ಡಯಲ್ ಗೇಜ್ ಇಟ್ಟು ನಿಮ್ಮ ಎದುರೇ ತಿರುಗಿಸಿ ತೋರಿಸಲು ಹೇಳಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಾಡಿದರೆ ವಾಪಸ್ ಕೊಡಿ. ಸಂಕೋಚ ಬೇಡ.

ಈಗ ನನ್ನ ದಂಡದ ಕಥೆ. ಮೊದಲ ಸಲ ನಾನು ಕೇಸಿಂಗ್ ಬಿಚ್ಚಲಿಲ್ಲ. ಬ್ಲಾಕ್ ಮಾತ್ರ ತೆಗೆದು, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಸ್ಟಾರ್ಟ್ ಮಾಡಿದೆ. ಬೀದಿ ತುಂಬ ಹೊಗೆ. ಸೊಳ್ಳೆಗೆ ಮದ್ದು ಹೊಡೆಯಲು ನಗರಸಭೆಯವರು ಬಂದರೋ ಎಂದು ಪಕ್ಕದ ಮನೆಯವರು ಹೊರಗೆ ಬಂದರು. ಬ್ಲಾಕ್ ಹೊತ್ತು ಪುನಃ ಲೇತಿಗೆ ಹೋದೆ. ಮೇಸ್ತ್ರಿ ಬ್ಲಾಕ್ ಮುಟ್ಟಲೇ ಇಲ್ಲ.

"ಗೇರ್ ಆಯಿಲ್ ಎಷ್ಟು ಉಂಟು ನೋಡಿದ್ರಾ?"

"ಕಡಿಮೆಯಾಗಿತ್ತು. ಎಲ್ಲೋ ಸೋರಿರ್ಬೇಕು ಅಂತ ಮತ್ತೆ ತುಂಬಿಸಿದೆ."

"ನೆಲದಲ್ಲಿ ಎಣ್ಣೆ ಇತ್ತಾ?"

"ಇಲ್ಲ."

"ಮತ್ತೆ ಎಲ್ಲಿಗೆ ಸೋರೂದು ಮಾರಾಯ್ರೆ? ಎಂಜಿನ್ನೇ ಕುಡೀತಾ ಉಂಟು. ಎಡಬದಿಯ ಸೀಲ್ ಹಾಕಿ. ನೀವು ಬೋರ್ ಮಾಡಿಸಿದ್ದು ಎಂತಕ್ಕೆ?"

ಬೋರ್ ಮಾಡಿದ್ದು ಅವರೇ. ಆದರೆ ಮಾಡಿಸು ಎಂದವನು ನಾನು. ಎರಡು ಮಸಾಲೆದೋಸೆಯ ದುಡ್ಡಿಗೆ ಸಿಗುವ ಸೀಲ್ ಬಿಟ್ಟು ಸಾವಿರಗಟ್ಟಲೆ ಸುರಿದಿದ್ದೆ.

ಸೀಲು ಯಾಕೆ ಇಷ್ಟು ಮುಖ್ಯ

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ನೇರ ಸಿಲಿಂಡರ್‌ಗೆ ಹೋಗುವುದಿಲ್ಲ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯೊಳಗೆ ಎಳೆಯಲ್ಪಟ್ಟು, ಪಿಸ್ಟನ್ ಇಳಿಯುವಾಗ ಅಲ್ಲೇ ಒತ್ತಿ, ಬದಿಯ ದಾರಿಯಿಂದ ಮೇಲೆ ತಳ್ಳಲ್ಪಡುತ್ತದೆ. ಆ ಕೋಣೆ ಒಂದು ಪಂಪ್. ಪಂಪಿನ ಎರಡು ಬದಿಯಲ್ಲಿ ಕ್ರ್ಯಾಂಕ್ ಹೊರಬರುವ ಜಾಗಕ್ಕೆ ಇರುವ ಬಾಗಿಲೇ ಆಯಿಲ್ ಸೀಲ್.

ಎಡಬದಿಯ ಸೀಲ್ ಹೋದರೆ ಪ್ರೈಮರಿ ಚೈನ್ ಮುಳುಗಿರುವ ಗೇರ್ ಆಯಿಲ್ ಒಳಗೆ ಎಳೆಯಲ್ಪಟ್ಟು ಉರಿಯುತ್ತದೆ. ಬಿಸಿಯಾದ ಮೇಲೂ ಬಿಡದ ದಟ್ಟ ಹೊಗೆ, ಕರಿ ಎಣ್ಣೆ ಹತ್ತಿದ ಪ್ಲಗ್, ಕಡಿಮೆಯಾಗುತ್ತಾ ಹೋಗುವ ಗೇರ್ ಆಯಿಲ್ ಇದರ ಲಕ್ಷಣ. ಬಲಬದಿಯ ಡೈನಮೋ ಕಡೆಯದ್ದು ಹೋದರೆ ಎಣ್ಣೆಯ ಬದಲು ಬರಿ ಗಾಳಿ ಒಳಹೋಗುತ್ತದೆ. ಇದು ಇನ್ನೂ ಅಪಾಯ. ಗಾಳಿ ಹೆಚ್ಚಿ ಪೆಟ್ರೋಲ್ ಮಿಶ್ರಣ ತೆಳುವಾಗಿ, ಥ್ರಾಟಲ್ ಬಿಟ್ಟರೂ ಎಂಜಿನ್ ಕಿರುಚುತ್ತದೆ, ಬಿಸಿಯೇರಿ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಜನ ಆಗ ಕಾರ್ಬುರೇಟರ್ ಟ್ಯೂನ್ ಮಾಡುತ್ತಾ ಕೂರುತ್ತಾರೆ.

ಹೊಸ ಸೀಲ್ ತರುವಾಗ ವಿಟಾನ್ ಎಂಬ ರಬ್ಬರಿನದ್ದು ಸಿಕ್ಕಿದರೆ ಅದನ್ನೇ ತನ್ನಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಹಳೆ ಕಾಲದ ರಬ್ಬರ್ ಅದನ್ನು ಚೆನ್ನಾಗಿ ತಾಳುವುದಿಲ್ಲ. ಹಳೆಯ ಸೀಲ್ ಯಾವ ಮುಖ ಯಾವ ಕಡೆಗೆ ಕೂತಿತ್ತು ಎಂದು ತೆಗೆಯುವ ಮೊದಲೇ ಫೋಟೊ ಹಿಡಿಯಿರಿ. ಸಾಮಾನ್ಯ ನಿಯಮ, ಸಣ್ಣ ಸ್ಪ್ರಿಂಗ್ ಕಾಣುವ ಮುಖ ಒತ್ತಡ ಇರುವ ಕಡೆಗೆ. ತುಟಿಗೆ ಗ್ರೀಸ್ ಹಚ್ಚಿ. ಕ್ರ್ಯಾಂಕ್ ಶಾಫ್ಟ್‌ನ ಮೇಲೆ ಹಳೆ ಸೀಲ್ ಉಜ್ಜಿ ಮಾಡಿದ ಗೆರೆ ಉಗುರಿಗೆ ಸಿಗುವಷ್ಟು ಆಳ ಇದ್ದರೆ ಲೇತ್‌ನವರಿಗೆ ತೋರಿಸಿ. ಶಾಫ್ಟ್ ಸವೆದಿದ್ದರೆ ಹೊಸ ಸೀಲೂ ಬಾಳುವುದಿಲ್ಲ.

ಬೇರಿಂಗ್ ಕೂರಿಸಲು ಸುತ್ತಿಗೆ ಬೇಡ. ಹಿಂದಿನ ರಾತ್ರಿ ಬೇರಿಂಗ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿ ಇಡಿ. ನಮ್ಮಲ್ಲಿ ಬಂಗುಡೆ ಪಕ್ಕ ಜಾಗ ಸಿಕ್ಕಿತು, ಒಂದು ಮಾತೂ ಕೇಳಿಸಿಕೊಂಡೆ. ಬೆಳಿಗ್ಗೆ ಎಣ್ಣೆ ಸೀಮೆಎಣ್ಣೆಯ ವಾಸನೆಯೂ ಇಲ್ಲದಂತೆ ತೊಳೆದು ಒಣಗಿಸಿದ ಕೇಸಿಂಗನ್ನು, ಅಡುಗೆಗೆ ಬಳಸದ ಹಳೆ ಕಬ್ಬಿಣದ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ನೇರ ಬೆಂಕಿ ತಾಗಿದರೆ ಕೇಸಿಂಗ್ ಸೊಟ್ಟಗಾಗುತ್ತದೆ, ಕಾವಲಿ ಶಾಖವನ್ನು ಹರಡುತ್ತದೆ. ಒಂದು ಹನಿ ನೀರು ಹಾಕಿದರೆ ಚುಂಯ್ ಎಂದು ಹಾರುವ ಹೊತ್ತಿಗೆ ಸುಮಾರು 100 ಡಿಗ್ರಿ ದಾಟಿರುತ್ತದೆ, ಅಷ್ಟು ಸಾಕು. ದಪ್ಪ ಕೈಗವಸು ಹಾಕಿ, ಬೇರಿಂಗನ್ನು ನೇರ ಹಿಡಿದು ಬಿಟ್ಟರೆ "ಟಣ್" ಎಂದು ತಾನೇ ಹೋಗಿ ಕೂರುತ್ತದೆ. ಓರೆಯಾಗಿ ಸಿಕ್ಕಿಕೊಂಡರೆ ಬಡಿಯಬೇಡಿ, ತೆಗೆದು ಮತ್ತೆ ಕಾಯಿಸಿ. ಸೀಲ್ ಮಾತ್ರ ಕೇಸಿಂಗ್ ಪೂರ್ತಿ ತಣ್ಣಗಾದ ಮೇಲೆ.

ಜೋಡಿಸುವಾಗ ಪ್ಯಾಕಿಂಗ್ (ಎರಡು ಭಾಗ ಕೂಡುವಲ್ಲಿ ಇಡುವ ಗ್ಯಾಸ್ಕೆಟ್) ಎಲ್ಲ ಹೊಸದೇ ಇರಲಿ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ರಿಂಗಿನ ತುದಿಗಳು ಅದರದರ ಗೂಟಕ್ಕೆ ಸರಿಯಾಗಿ ಕೂರಬೇಕು. ಪಿನ್ನಿನ ಲಾಕ್‌ಗಳು ಹೊಸವು, ಹಳೆಯದನ್ನು ಬಾಗಿಸಿ ಮತ್ತೆ ಹಾಕುವ ಉಳಿತಾಯ ಬೇಡ.

ಬಿ.ಪಿ. ನೋಡುವುದು

ಎಂಜಿನ್ ಜೋಡಿಸಿಯಾಯಿತು, ಆದರೆ ಕ್ಲಚ್, ಡೈನಮೋ ಹಾಕಿಲ್ಲ, ಎರಡೂ ಸೀಲು ಕಣ್ಣಿಗೆ ಕಾಣುತ್ತಿವೆ. ಈ ಹಂತದಲ್ಲಿ ಒಂದು ಗಂಟೆ ಕೊಟ್ಟರೆ ಮುಂದೆ ಒಂದು ತಿಂಗಳು ಉಳಿಯುತ್ತದೆ.

ಹಳೆ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಕೊಳವೆಯನ್ನು ಒಳಗಿನ ಮುಳ್ಳು ತೆಗೆದು ಅರಾಲ್‌ಡೈಟ್‌ನಲ್ಲಿ ಕೂರಿಸಿ. ಎರಡು ಎಕ್ಸಾಸ್ಟ್ ಬಾಯಿ ಮತ್ತು ಕಾರ್ಬುರೇಟರ್ ಬಾಯಿಗೆ ಟೈರ್ ಟ್ಯೂಬಿನ ರಬ್ಬರ್, ಅದರ ಮೇಲೆ ತಗಡು ಇಟ್ಟು ಬಿಗಿದು ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಮೇಲಿನ ಸಿಲಿಂಡರ್ ಮತ್ತು ಕೆಳಗಿನ ಕ್ರ್ಯಾಂಕ್ ಕೋಣೆಯ ನಡುವೆ ದಾರಿ ತೆರೆದಿರುತ್ತದೆ. ಬಿ.ಪಿ. ಯಂತ್ರದ ತೋಳಿನ ಪಟ್ಟಿ ಬಿಚ್ಚಿ, ಬಲ್ಬ್ ಮತ್ತು ಮುಳ್ಳಿನ ಗೇಜಿನ ಕೊಳವೆಗಳನ್ನು ಟೀ ಜೋಡಣೆಯಿಂದ ಆ ವಾಲ್ವಿಗೆ ಸಿಕ್ಕಿಸಿ.

ಮುಳ್ಳು 250ಕ್ಕೆ ಬರುವವರೆಗೆ ಮೆಲ್ಲಗೆ ಒತ್ತಿ. ಅದು ಐದು ಪಿಎಸ್‌ಐಗಿಂತ ಸ್ವಲ್ಪ ಕಡಿಮೆ, ಈ ಪರೀಕ್ಷೆಗೆ ಅಷ್ಟು ಸಾಕು, ಹೆಚ್ಚಾದರೆ ಸೀಲೇ ಹೊರಗೆ ಬರಬಹುದು. ಐದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿಯಬಾರದು ಎಂಬುದು ನಾನಿಟ್ಟುಕೊಂಡ ಗಡಿ. ಇಳಿದರೆ ಸೋಪಿನ ನೀರು ಬ್ರಷ್‌ನಲ್ಲಿ ಸವರಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಮೊದಲು ನೀವೇ ಮುಚ್ಚಿದ ರಬ್ಬರ್‌ಗಳ ಅಂಚು, ಆಮೇಲೆ ಬ್ಲಾಕಿನ ಬುಡ, ಕೇಸಿಂಗ್ ಕೂಡುವ ಗೆರೆ, ಕೊನೆಗೆ ಸೀಲುಗಳು. ನನ್ನದು 250ರಿಂದ ಒಂದೇ ನಿಮಿಷಕ್ಕೆ 90ಕ್ಕೆ ಇಳಿಯಿತು. ಬ್ಲಾಕಿನ ಬುಡದಲ್ಲಿ, ಹಿಂದುಗಡೆ, ಅಕ್ಕಿ ಕಾಳಿನಷ್ಟು ಗುಳ್ಳೆಯ ಸಾಲು. ಹಳೆ ಪ್ಯಾಕಿಂಗಿನ ಒಂದು ಚೂರು ಕೆರೆಯದೆ ಬಿಟ್ಟಿದ್ದೆ. ಅದನ್ನು ತೆಗೆದು ಮತ್ತೆ ಕೂರಿಸಿದ ಮೇಲೆ ಮುಳ್ಳು ಐದು ನಿಮಿಷಕ್ಕೆ 230ರಲ್ಲಿತ್ತು. ಮಾವನ ಬಿ.ಪಿ.ಗಿಂತ ಇದರದ್ದೇ ಸ್ಥಿರ.

ಕಾರ್ಬುರೇಟರ್

ಜಿಕೋವ್ ಕಾರ್ಬುರೇಟರ್ ಸರಳ. ಪೂರ್ತಿ ಬಿಚ್ಚಿ, ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ಜೆಟ್‌ನ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡಿನ) ತೂತಿಗೆ ಉಕ್ಕಿನ ತಂತಿ, ಸೂಜಿ ತೂರಿಸಬೇಡಿ, ಕರೆಂಟ್ ವಯರ್‌ನ ಒಂದೆಳೆ ತಾಮ್ರ ಸಾಕು. ಹಿತ್ತಾಳೆಯ ಜೆಟ್‌ಗಳ ಹಸಿರು ಕಿಲುಬಿಗೆ ನಮ್ಮ ಹಿತ್ತಲಿನ ಬಿಂಬುಳಿ ಎಂಬ ಹುಳಿಕಾಯಿಯಷ್ಟು ಒಳ್ಳೆಯದು ಯಾವುದೂ ಇಲ್ಲ. ಹಿಂಡಿ ಹತ್ತು ನಿಮಿಷ ನೆನೆಸಿ ಚೆನ್ನಾಗಿ ತೊಳೆಯಿರಿ. ಕಾರ್ಬುರೇಟರ್‌ನ ಮೈಗೆ ಮಾತ್ರ ಆ ಹುಳಿ ತಾಗಿಸಬೇಡಿ, ಕಪ್ಪಾಗುತ್ತದೆ. ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಬಂದರೆ ತೂತು, ಒಳಗೆ ಪೆಟ್ರೋಲ್ ಸೇರಿ ಭಾರವಾಗಿ ಓವರ್‌ಫ್ಲೋ ಆಗುತ್ತದೆ.

ಪಾಯಿಂಟ್ ಮತ್ತು ಟೈಮಿಂಗ್

ಪಾಯಿಂಟ್ ತುದಿಗಳಿಗೆ ಬೂದು ಪದರ ಕಟ್ಟಿರುತ್ತದೆ. ನಯವಾದ ಎಮರಿ ಪೇಪರ್‌ನಿಂದ ಉಜ್ಜಿ, ಬಿಳಿ ಕಾಗದ ನಡುವೆ ಎಳೆದು ಒರೆಸಿ. ಪೂರ್ತಿ ತೆರೆದಾಗ ಸಂದು 0.4 ಮಿ.ಮೀ., ಪ್ಲಗ್‌ನದ್ದು 0.6. ಕಂಡೆನ್ಸರ್ ಹಳೆಯದಾಗಿದ್ದರೆ ಯೋಚಿಸದೆ ಬದಲಿಸಿ.

ಟೈಮಿಂಗ್, ಅಂದರೆ ಕಿಡಿ ಹಾರಬೇಕಾದ ಕ್ಷಣ, ಕಿವಿಯಲ್ಲಿ ಕೇಳಿಯೇ ಇಡುವವರು ಇದ್ದಾರೆ. ನನ್ನ ಕಿವಿ ಅಷ್ಟು ಒಳ್ಳೆಯದಲ್ಲ. ಪ್ಲಗ್ ತೂತಿನಿಂದ ಡಯಲ್ ಗೇಜ್ ಇಳಿಸಿ, ಇಲ್ಲವೇ ಹೆಡ್ ತೆಗೆದು ವರ್ನಿಯರಿನ ಬಾಲದಲ್ಲಿ ಅಳೆದು, ಪಿಸ್ಟನ್ ಎಲ್ಲಕ್ಕಿಂತ ಮೇಲಿರುವ ಜಾಗ ಹುಡುಕಿ. ಅಲ್ಲಿಂದ ಎಂಜಿನ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ, ನಿಮ್ಮ ಮಾಡೆಲ್‌ನ ಕೈಪಿಡಿ ಹೇಳಿದಷ್ಟು ಮಿಲಿಮೀಟರ್ ಇಳಿಸಿ. ಪಾಯಿಂಟ್ ಸರಿಯಾಗಿ ಆ ಕ್ಷಣ ತೆರೆಯಬೇಕು. ಕಣ್ಣಿಗೆ ಕಾಣದ ಆ ಕ್ಷಣ ಹಿಡಿಯಲು ಆರು ವೋಲ್ಟ್‌ನ ಸಣ್ಣ ಬಲ್ಬಿನ ಒಂದು ವಯರನ್ನು ಪಾಯಿಂಟ್ ವಯರಿಗೂ ಇನ್ನೊಂದನ್ನು ಎಂಜಿನ್ ಮೈಗೂ ಹಿಡಿದು ಕೀ ಆನ್ ಮಾಡಿ. ಪಾಯಿಂಟ್ ತೆರೆದ ಕೂಡಲೇ ಬಲ್ಬ್ ಉರಿಯುತ್ತದೆ. ಕೆಲಸ ಮುಗಿದ ಕೂಡಲೇ ಕೀ ಆಫ್ ಮಾಡಿ, ಕಾಯಿಲ್ ಬಿಸಿಯಾಗುತ್ತದೆ.

ಮೊದಲ ಸ್ಟಾರ್ಟ್, ಆಮೇಲಿನ 500 ಕಿಲೋಮೀಟರ್

ಗೇರ್‌ಬಾಕ್ಸಿಗೆ ಆಯಿಲ್ ತುಂಬಿಸಲು ಮರೆಯಬೇಡಿ, ನಗಬೇಡಿ, ಮರೆತವರಿದ್ದಾರೆ. ಪೆಟ್ರೋಲಿಗೆ 2ಟಿ ಆಯಿಲ್ ರನ್ನಿಂಗ್ ಅವಧಿಯಲ್ಲಿ ಲೀಟರಿಗೆ 40 ಮಿಲಿ, ಆಮೇಲೆ ನಾನು 30ಕ್ಕೆ ಇಳಿಸುತ್ತೇನೆ. ಕ್ಯಾನಿನಲ್ಲಿ ಬೆರೆಸಿ ಕುಲುಕಿ ಟ್ಯಾಂಕಿಗೆ ಹಾಕಿ.

ಮೊದಲ ದಿನ ಮೂರೇ ನಿಮಿಷ ಓಡಿಸಿ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹಾಗೆ ನಾಲ್ಕೈದು ಸಲ. ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಮೊದಲ ಹೊಗೆ ಕಂಡು ಗಾಬರಿ ಬೇಡ, ಜೋಡಿಸುವಾಗ ಹಚ್ಚಿದ ಎಣ್ಣೆ ಮತ್ತು ಸೈಲೆನ್ಸರ್‌ನೊಳಗಿನ ಹಳೆಯದು ಉರಿದು ಹೋಗಬೇಕು. ಹತ್ತು ಕಿಲೋಮೀಟರ್ ಆದ ಮೇಲೂ ಹಾಗೇ ಇದ್ದರೆ ಮಾತ್ರ ಎಡ ಸೀಲ್‌ನ ನೆನಪು ಮಾಡಿಕೊಳ್ಳಿ.

500 ಕಿಲೋಮೀಟರ್‌ವರೆಗೆ ಅರ್ಧ ಥ್ರಾಟಲ್ ದಾಟಬೇಡಿ, ಆದರೆ ಮೇಲಿನ ಗೇರ್‌ನಲ್ಲಿ ಎಂಜಿನ್ ಏದುಸಿರು ಬಿಡುವಂತೆಯೂ ಮಾಡಬೇಡಿ. ಕಲ್ಸಂಕದಿಂದ ಮಲ್ಪೆಗೆ ಹೋಗಿ ಬರುವ ಸಮತಟ್ಟು ರಸ್ತೆ ಇದಕ್ಕೆ ಒಳ್ಳೆಯದು. ಮಣಿಪಾಲದ ಏರು ಮೊದಲ ವಾರಕ್ಕೆ ಬೇಡ. ನಾಲ್ಕೈದು ಸವಾರಿಯ ನಂತರ ಪ್ಲಗ್ ತೆಗೆದು ಬಣ್ಣ ನೋಡಿ. ಕಾಫಿಪುಡಿಯ ಕಂದು ಇದ್ದರೆ ಸರಿ, ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಜೆಟ್ ಕಟ್ಟಿದೆ, ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಆಗುಂಬೆ ಘಾಟಿ ಹತ್ತುವ ಆಸೆ ಎಲ್ಲರಿಗೂ. ಹತ್ತುವುದಕ್ಕಿಂತ ಇಳಿಯುವಾಗ ಹುಷಾರಾಗಿರಬೇಕು. ಈ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜತೆಗೇ. ಆ ತಿರುವುಗಳನ್ನು ಥ್ರಾಟಲ್ ಪೂರ್ತಿ ಮುಚ್ಚಿ, ಎಂಜಿನ್ ಹಿಡಿತದಲ್ಲೇ ಇಳಿದರೆ ವೇಗವಾಗಿ ತಿರುಗುತ್ತಿರುವ ಪಿಸ್ಟನ್ನಿಗೆ ಎಣ್ಣೆಯೇ ಇಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡುತ್ತಾ ಇಳಿಯಿರಿ.

ಕಾಗದಪತ್ರದ ಬಗ್ಗೆ ಎರಡು ಮಾತು. 15 ವರ್ಷ ದಾಟಿದ ಬೈಕಿನ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 50 ವರ್ಷ ದಾಟಿದ್ದಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಉಂಟು, ಆದರೆ ಅದು ಪ್ರದರ್ಶನ, ರ‍್ಯಾಲಿಯಂಥವಕ್ಕೆ ಮಾತ್ರ. ದಿನಾ ಪೇಟೆಗೆ ಒಯ್ಯುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ಸರಿ.

ಮಳೆಗಾಲಕ್ಕೆ ಇಡುವಾಗ

ಮಳೆಗಾಲದಲ್ಲಿ ಓಡಿಸುವುದಿಲ್ಲವೆಂದಾದರೆ ಮೇ ಕೊನೆಗೆ ಅರ್ಧ ಗಂಟೆ ಕೆಲಸ. ಎಥನಾಲ್ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಒಳಗೆ ಸ್ವಲ್ಪ ಎಣ್ಣೆ ಹೊಯ್ದು ಅಲ್ಲಾಡಿಸಿ. ಕಾರ್ಬುರೇಟರ್‌ನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಪ್ಲಗ್ ತೆಗೆದು ಎರಡು ಚಮಚ 2ಟಿ ಆಯಿಲ್ ಹಾಕಿ, ನಾಲ್ಕು ಸಲ ಮೆಲ್ಲಗೆ ಕಿಕ್ ಒತ್ತಿ, ಪಿಸ್ಟನ್ ಮೇಲೆ ಬಂದು ಸೈಲೆನ್ಸರ್ ಕಡೆಯ ಬಾಯಿ ಮುಚ್ಚಿದ ಜಾಗದಲ್ಲಿ ನಿಲ್ಲಿಸಿ. ಎರಡೂ ಸೈಲೆನ್ಸರ್‌ನ ತುದಿಗೆ ಎಣ್ಣೆ ಅದ್ದಿದ ಬಟ್ಟೆ ತುರುಕಿ. ತಿಂಗಳಿಗೊಮ್ಮೆ ನಾಲ್ಕನೇ ಗೇರ್‌ನಲ್ಲಿ ಚಕ್ರ ತಿರುಗಿಸಿ, ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಕೂತಿರಬಾರದು.

ಬಟ್ಟೆ ತುರುಕಿದ್ದನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಕಟ್ಟಿಡಿ. ಹೋದ ಚೌತಿಗೆ ಬಂದ ಭಾವ ನನಗೆ ಹೇಳದೆ ಟ್ಯಾಂಕಿಗೆ ಪೆಟ್ರೋಲ್ ಹಾಕಿ, ಮುಕ್ಕಾಲು ಗಂಟೆ ಕಿಕ್ ಹೊಡೆದು, ಬೆವರು ಸುರಿಸಿಕೊಂಡು ಒಳಗೆ ಬಂದರು. "ನಿನ್ನ ರಿಪೇರಿ ಅಷ್ಟೆ ಮಾರಾಯ" ಎಂದರು.